ಅಜ್ಜನ ನಶ್ಯದ ಡಬ್ಬಿ ತಕ್ಕಡಿಗೆ ಹೋಗುವ ಮುನ್ನ

ಬೆಳ್ಳಿ ರೇಟು ಏರಿದಾಗಲೆಲ್ಲ ನನಗೆ ಒಂಥರಾ ಕಸಿವಿಸಿ. ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಖುಷಿಯಾಗಿ ಸ್ಕ್ರೀನ್‌ಶಾಟ್ ಹಾಕ್ತಿರ್ತಾರೆ. ನನಗೆ ಮಾತ್ರ ಈ ವಾರ ಇನ್ನೆಷ್ಟು ನಶ್ಯದ ಡಬ್ಬಿಗಳು ಮೂಸೆಗೆ ಬಿದ್ದವೋ ಅನ್ನೋ ಯೋಚನೆ. ಹಳೇ ಬೆಳ್ಳಿ ಕೊಟ್ಟು ಹೊಸದು ತಗೊಳ್ಳೋದು ನಮ್ಮ ಮನೆಗಳಲ್ಲಿ ಮಾಮೂಲು. ಅಂಗಡಿಯವರು ತೂಕ ನೋಡ್ತಾರೆ, ಶುದ್ಧತೆ ನೋಡ್ತಾರೆ, ವೇಸ್ಟೇಜ್ ಕಳೀತಾರೆ. ಡಬ್ಬಿ ಯಾರದು ಅಂತ ಕೇಳಲ್ಲ. ಅದನ್ನು ಕೇಳಬೇಕಾದವರು ಅವರೂ ಅಲ್ಲ ಬಿಡಿ.

ನಾನು ನಶ್ಯದ ಡಬ್ಬಿ ಸೇರಿಸೋಕೆ ಶುರು ಮಾಡಿ 11 ವರ್ಷವಾಯ್ತು. ಈಗ 43 ಇವೆ. ಹೆಚ್ಚಿನವು ಹಿತ್ತಾಳೆ, ಕೆಲವು ಬೆಳ್ಳಿ, ನಾಲ್ಕು ಮರದವು, ಒಂದು ಕೊಂಬಿನದು, ಉಳಿದವು ಅಂಗಡಿಯಿಂದ ನಶ್ಯದ ಜೊತೆಗೇ ಬರ್ತಿದ್ದ ತಗಡಿನ ಡಬ್ಬಿಗಳು. ಎಲ್ಲ ಸೇರಿ ಎರಡು ಶೂ ಬಾಕ್ಸಿನಲ್ಲಿ ಹಿಡಿಸ್ತವೆ. ಟೂ ಬಿಎಚ್‌ಕೆ ಬಾಡಿಗೆ ಮನೆಯಲ್ಲಿರುವವರಿಗೆ ಇದಕ್ಕಿಂತ ಹೊಂದಿಕೊಳ್ಳೋ ಹವ್ಯಾಸ ಸಿಗೋದು ಕಷ್ಟ. ‘ನೀವೂ ನಶ್ಯ ಏರಿಸ್ತೀರಾ?’ ಅನ್ನೋದು ಎಲ್ಲರ ಮೊದಲ ಪ್ರಶ್ನೆ. ಇಲ್ಲ. ಹೊಗೆಯಾಗಿ ಬಂದರೂ ಪುಡಿಯಾಗಿ ಬಂದರೂ ತಂಬಾಕು ತಂಬಾಕೇ, ಕ್ಯಾನ್ಸರಿಗೆ ಅದು ದಾರಿ. ಪುಡಿಯ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ, ಡಬ್ಬಿಯ ಮೇಲೆ ಮಾತ್ರ.

ಹೆಸರಿನದೇ ಒಂದು ತಮಾಷೆ ಇದೆ. ‘ನಸ್ಯ’ ಅಂದರೆ ಮೂಲತಃ ಆಯುರ್ವೇದದ ಚಿಕಿತ್ಸೆ, ಮೂಗಿಗೆ ಔಷಧಿ ಎಣ್ಣೆ ಬಿಡೋದು, ಪಂಚಕರ್ಮಗಳಲ್ಲಿ ಒಂದು. ಅಮೆರಿಕದಿಂದ ಬಂದ ಗಿಡದ ಪುಡಿ ಆ ಗೌರವದ ಹೆಸರನ್ನೇ ಹೊತ್ತುಕೊಂಡು ನಮ್ಮ ಜಗಲಿ ಏರಿತು. ಯುರೋಪಿನಲ್ಲೂ ಶುರುವಾಗಿದ್ದು ಔಷಧಿ ಅಂತಲೇ. ಪೋರ್ಚುಗಲ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜ್ಯಾನ್ ನಿಕೋ 1560ರ ಸುಮಾರಿಗೆ ತಂಬಾಕನ್ನು ತಲೆನೋವಿನ ಮದ್ದು ಎಂದು ತನ್ನ ಅರಮನೆಗೆ ಕಳಿಸಿದ. ನಿಕೋಟಿನ್ ಅನ್ನೋ ಪದ ಬಂದಿದ್ದು ಅವನ ಹೆಸರಿನಿಂದ. ನಮ್ಮ ಕಡೆಯದೂ ಒಂದು ಕಥೆ ಇದೆ. ಅಕ್ಬರನ ದೂತ ಅಸದ್ ಬೇಗ್ ತಂಬಾಕನ್ನು ಮೊದಲು ನೋಡಿದ್ದು ಬಿಜಾಪುರದಲ್ಲಿ. 17ನೇ ಶತಮಾನದ ಆರಂಭದಲ್ಲಿ ಅದನ್ನು ಅಲಂಕಾರದ ಕೊಳವೆಯೊಂದಿಗೆ ಬಾದಶಹನ ಮುಂದಿಟ್ಟವನೂ ಅವನೇ. ಅದು ಸೇದುವ ತಂಬಾಕು, ನಿಜ. ಪುಡಿ ಅದರ ಹಿಂದೆಯೇ ಬಂತು.

18ನೇ ಶತಮಾನದ ಯುರೋಪಿನಲ್ಲಿ ಡಬ್ಬಿ ಆಭರಣವೇ ಆಗಿಹೋಯ್ತು. ಮುಚ್ಚಳದ ಮೇಲೆ ರಾಜನ ಚಿತ್ರ, ಸುತ್ತ ವಜ್ರ. ಅಂಥದ್ದನ್ನು ರಾಯಭಾರಿಗಳಿಗೆ ಉಡುಗೊರೆ ಕೊಡೋದು, ಅವರು ಅದನ್ನು ಆಭರಣದಂಗಡಿಗೆ ವಾಪಸ್ ಮಾರಿ ದುಡ್ಡು ಮಾಡಿಕೊಳ್ಳೋದು, ಎರಡೂ ನಡೆಯುತ್ತಿತ್ತು. ದೀಪಾವಳಿ ಗಿಫ್ಟ್ ವೋಚರನ್ನು ಅರ್ಧ ರೇಟಿಗೆ ಮಾರೋ ನಾವೇನು ಕಮ್ಮಿ? ಪ್ರಷ್ಯಾದ ದೊರೆ ಫ್ರೆಡರಿಕ್‌ನ ಹತ್ತಿರ ರಾಶಿ ರಾಶಿ ಡಬ್ಬಿಗಳಿದ್ದವು. 1759ರ ಕುನರ್ಸ್‌ಡಾರ್ಫ್ ಯುದ್ಧದಲ್ಲಿ ಗುಂಡನ್ನು ತಡೆದು ಅವನ ಪ್ರಾಣ ಉಳಿಸಿದ್ದೂ ಜೇಬಿನ ನಶ್ಯದ ಡಬ್ಬಿಯೇ ಅಂತ ಹೇಳ್ತಾರೆ.

ನಮ್ಮ ಅಜ್ಜಂದಿರದು ವಜ್ರದ ಡಬ್ಬಿಯಲ್ಲ. ಸೊಂಟದ ಪಂಚೆಯ ಮಡಿಕೆಯಲ್ಲೋ ಬನಿಯನ್ನಿನ ಜೇಬಲ್ಲೋ ಇರ್ತಿದ್ದ, ಬೆವರು ಕುಡಿದ ಡಬ್ಬಿ. ಆದರೆ ದೊರೆಯ ಡಬ್ಬಿಗೂ ಅಜ್ಜನ ಡಬ್ಬಿಗೂ ಇದ್ದ ಸಮಸ್ಯೆ ಒಂದೇ. ನಶ್ಯ ಒಣಗಬಾರದು, ಚೆಲ್ಲಬಾರದು, ಒಂದೇ ಕೈಯಲ್ಲಿ ತೆರೆಯುವಂತಿರಬೇಕು. ಹಾಗಾಗಿ ಡಬ್ಬಿ ನೋಡುವವರು ಮೊದಲು ನೋಡಬೇಕಾದ್ದು ಚಿತ್ತಾರವನ್ನಲ್ಲ, ಮುಚ್ಚಳದ ಕೀಲನ್ನು. ಸ್ಕಾಟ್ಲೆಂಡಿನ ಲಾರೆನ್ಸ್‌ಕರ್ಕ್ ಅನ್ನೋ ಊರಿನವರು ಮರದಲ್ಲೇ ಕೆತ್ತಿದ ಕೀಲು ಮಾಡ್ತಿದ್ದರು. ಮುಚ್ಚಿದರೆ ಕೀಲು ಇದೆ ಅಂತಲೇ ಗೊತ್ತಾಗಲ್ಲ, ಪುಡಿಯೂ ಹೊರಗೆ ಬರಲ್ಲ. ನನ್ನ ಹತ್ತಿರದ ಒಂದು ಹಿತ್ತಾಳೆ ಡಬ್ಬಿಯ ಕೀಲನ್ನು ಯಾರೋ ಮೂರು ಸಲ ರಿಪೇರಿ ಮಾಡಿಸಿದ್ದಾರೆ. ಕೊನೆಯ ಸಲ ಹಾಕಿದ್ದು ಸೈಕಲ್ ಕಡ್ಡಿಯ ತುಂಡು. ಇಡೀ ಸಂಗ್ರಹದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ.

ಇನ್ನು ಗುರುತಿಸೋ ವಿಷಯ. ಭಾನುವಾರ ಬೆಳಗ್ಗೆ ಚಿಕ್ಕಪೇಟೆ ಕಡೆಯ ಸಂತೆಗೆ ಹೋಗಿ ನಶ್ಯದ ಡಬ್ಬಿ ಇದೆಯಾ ಅಂತ ಕೇಳಿ ನೋಡಿ. ಸಣ್ಣದಾಗಿ ಮುಚ್ಚಳ ಇರುವ ಎಲ್ಲವನ್ನೂ ಮುಂದಿಡ್ತಾರೆ. ಅದರಲ್ಲಿ ಸುಣ್ಣದ ಡಬ್ಬಿ ಇರುತ್ತೆ, ಕುಂಕುಮದ ಭರಣಿ ಇರುತ್ತೆ, ಒಮ್ಮೊಮ್ಮೆ ಇಷ್ಟಲಿಂಗದ ಕರಡಿಗೆಯೂ ಇರುತ್ತೆ. (ಕರಡಿಗೆ ಕಂಡರೆ ನಾನು ಮುಟ್ಟಲ್ಲ. ಅದು ಯಾರದೋ ಎದೆಯ ಮೇಲಿದ್ದ ವಸ್ತು, ಶೋಕೇಸಿಗೆ ತರೋಕೆ ಮನಸ್ಸು ಬರಲ್ಲ.) ಆಕಾರ ನೋಡಿ ಹೇಳೋದು ಕಷ್ಟ, ಒಳಗಿನ ಮೂಲೆ ನೋಡಿ ಹೇಳಬಹುದು. ಮೊಬೈಲ್ ಟಾರ್ಚ್ ಹಾಕಿ, ಕೀಲಿನ ಸಂದಿಯಲ್ಲಿ ಟೂತ್‌ಪಿಕ್ ಆಡಿಸಿ. ಕೆಂಪು ಬಂದರೆ ಕುಂಕುಮ. ಬಿಳಿ ಹಳಕು ಬಂದರೆ ಸುಣ್ಣ. ಅನುಮಾನ ಇದ್ದರೆ ಆ ಹಳಕನ್ನು ಕಾಗದದ ಮೇಲೆ ಹಾಕಿ ಒಂದು ಹನಿ ನಿಂಬೆರಸ ಬಿಡಿ, ಹಳೇ ಸುಣ್ಣವಾದರೆ ಬುರುಬುರು ನೊರೆ ಬರುತ್ತೆ. ಡಬ್ಬಿಯ ಮೇಲೆ ಮಾತ್ರ ಹುಳಿ ಬಿಡಬೇಡಿ. ಕಂದು ಬಣ್ಣದ ಜಿಡ್ಡು ಬಂತು, ಮೂಗಿಗೆ ಹಿಡಿದರೆ ಘಾಟು ಇನ್ನೂ ಇದೆ ಅಂದರೆ ಅದು ನಶ್ಯ. ದಶಕಗಳಾದರೂ ಆ ಘಾಟು ಪೂರ್ತಿ ಹೋಗಲ್ಲ.

ಬೆಂಗಳೂರಿನ ದಂಡು ಪ್ರದೇಶದ ಪುಣ್ಯದಿಂದ ಅಪರೂಪಕ್ಕೆ ವಿಲಾಯತಿ ಡಬ್ಬಿಗಳೂ ಇಲ್ಲಿ ಸಿಗ್ತವೆ. ನನ್ನ ಹತ್ತಿರ ಇರುವುದು ಒಂದೇ. ಒಳಗೆ ಚಿನ್ನದ ಲೇಪ ಇದೆ. ಅದು ಶೋಕಿಗೆ ಮಾತ್ರ ಅಲ್ಲ, ನಶ್ಯ ತಾಗಿ ಬೆಳ್ಳಿ ಕೆಡದಿರಲಿ ಅಂತ. ಮುಚ್ಚಳದ ಒಳಗೆ ಸಾಸಿವೆ ಗಾತ್ರದ ಮುದ್ರೆಗಳು. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದದ್ದು. ನಡೆಯುವ ಸಿಂಹ ಇದ್ದರೆ 1000ಕ್ಕೆ 925 ಭಾಗ ಬೆಳ್ಳಿ. ಒಂದು ಅಕ್ಷರ ವರ್ಷವನ್ನು ಹೇಳುತ್ತೆ. ದೊರೆಯ ತಲೆ ಇದ್ದರೆ ತೆರಿಗೆ ಕಟ್ಟಿದ್ದಾರೆ ಅಂತ ಅರ್ಥ, ಆ ಮುದ್ರೆ 1784ರಿಂದ 1890ರವರೆಗೆ ಮಾತ್ರ ಚಾಲ್ತಿಯಲ್ಲಿತ್ತು. ನನ್ನದರಲ್ಲಿ ವಿಕ್ಟೋರಿಯಾ ರಾಣಿಯ ತಲೆ ಇದೆ, ವರ್ಷದ ಅಕ್ಷರ ಸವೆದಿದೆ. ಅಂದರೆ 1837ರಿಂದ 1890ರ ನಡುವಿನದು ಅಂತ ಹೇಳಬಹುದು, ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತೆ. ಒಳಗೆ ತೂತಿನ ಜಾಲರಿ ಇದ್ದರೆ ಅದು ನಶ್ಯದ್ದೇ ಅಲ್ಲ, ಸುಗಂಧದ ವಿನಿಗರ್ ಅದ್ದಿದ ಸ್ಪಂಜ್ ಇಡುವ ಡಬ್ಬಿ.

ನಮ್ಮ ಅಕ್ಕಸಾಲಿಗರು ಮಾಡಿದ ಹಳೇ ಡಬ್ಬಿಗಳಲ್ಲಿ ಇಂಥ ಮುದ್ರೆ ಹುಡುಕಬೇಡಿ. ಅಲ್ಲಿ ಸವೆತವೇ ಸಾಕ್ಷಿ. ನಿಜವಾಗಿ ಬಳಸಿದ ಡಬ್ಬಿ ಹೆಬ್ಬೆರಳು ಒತ್ತುವ ಕಡೆ, ಮುಚ್ಚಳದ ಅಂಚಿನಲ್ಲಿ, ಟೇಬಲ್ಲಿಗೆ ತಾಗುವ ತಳದಲ್ಲಿ ನುಣುಪಾಗಿರುತ್ತೆ, ಉಳಿದ ಕಡೆ ಗೆರೆಗಳು ಚೂಪಾಗೇ ಇರ್ತವೆ. ಕೃತಕವಾಗಿ ಹಳೇದು ಮಾಡಿದ್ದು ಎಲ್ಲ ಕಡೆ ಒಂದೇ ಥರ ಕಪ್ಪು.

ಅದಕ್ಕೇ ನನಗೆ ಮೂಸೆಯಷ್ಟೇ ಭಯ ಪಾಲಿಶ್ ಕಂಡರೆ. ಹಬ್ಬ ಬಂತು ಅಂತ ಹಿತ್ತಾಳೆ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಬಿಡ್ತೀವಿ. ಬೆಳ್ಳಿಯನ್ನು ಕೆಮಿಕಲ್‌ನಲ್ಲಿ ಅದ್ದಿಸ್ತೀವಿ. ಪ್ರತಿ ಸಲ ಲೋಹದ ಒಂದು ಪದರ ಹೋಗುತ್ತೆ, ಅದರ ಜೊತೆ ಕೊರೆದ ಹೆಸರೂ ಒಳಗಿನ ಚಿನ್ನದ ಲೇಪವೂ ಹೋಗುತ್ತೆ. ಬೀದರಿ ಡಬ್ಬಿಯಾದರೆ ಇನ್ನೂ ಕಷ್ಟ. ಬೀದರ್ ಕೋಟೆಯ ಮಣ್ಣಿನಿಂದ ಬರಿಸಿದ ಆ ಕಪ್ಪು ಬಣ್ಣವೇ ಕಿತ್ತುಬಂದರೆ ಉಳಿಯೋದು ಬೂದು ಸತು. ಮೆತ್ತಗಿನ ಹತ್ತಿ ಬಟ್ಟೆ ಸಾಕು. ಒಳಗಿನ ಜಿಡ್ಡು ತೆಗೆಯಬೇಕಿದ್ದರೆ ಒಣ ಬ್ರಷ್, ಮೂಗಿಗೆ ಮಾಸ್ಕ್.

ಕಾನೂನಿನ ಮಾತನ್ನೂ ಹೇಳಿಬಿಡ್ತೀನಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುಗಳನ್ನು ನಾವು ನೀವು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಕಸಿನ್‌ಗೆ ಮುತ್ತಜ್ಜನ ಡಬ್ಬಿ ಕೊರಿಯರ್ ಮಾಡುವ ಮುಂಚೆ ಇದು ನೆನಪಿರಲಿ. ಹಾಗೇ ವಿದೇಶದ ಆನ್‌ಲೈನ್ ಹರಾಜಿನಲ್ಲಿ ಚಂದ ಕಂಡಿತು ಅಂತ ಆನೆದಂತದ್ದೋ ಕಡಲಾಮೆ ಚಿಪ್ಪಿನದ್ದೋ ಡಬ್ಬಿ ತರಿಸಲು ಹೋಗಬೇಡಿ, ವನ್ಯಜೀವಿ ಕಾನೂನಿನ ಕೇಸು ಮೈಮೇಲೆ ಬರುತ್ತೆ.

ನನ್ನ ಬೆಳ್ಳಿ ಡಬ್ಬಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ನೆಲ್ಲಿಕಾಯಿ ಗಾತ್ರದ್ದು, 28 ಗ್ರಾಂ. ಮಂಡ್ಯ ಕಡೆಯ ಒಂದು ಮನೆಯವರು ಮೊಮ್ಮಗುವಿನ ಕಾಲ್ಗೆಜ್ಜೆಗೆ ಅಂತ ಅದನ್ನು ಕರಗಿಸಲು ತಂದಿದ್ದರು. ಅಂಗಡಿಯ ರೇಟನ್ನೇ ಕೊಟ್ಟು ನಾನು ತಗೊಂಡೆ. ತಾತನದಾ ಅಂತ ಕೇಳಿದೆ. ಆಕೆ ಗಂಡನ ಕಡೆ ಒಮ್ಮೆ ನೋಡಿ, ‘ನಮ್ಮತ್ತೇದು. ಎಲೆಅಡಿಕೆ ಸಂಚಿಯೊಳಗೆ ಬಟ್ಟೆ ಸುತ್ತಿ ಇಟ್ಕೊಳ್ತಿದ್ರು. ಮಾವನಿಗೆ ಕೊನೇವರೆಗೂ ಗೊತ್ತಿರಲಿಲ್ಲ’ ಅಂದರು. ಮಗನಿಗೂ ಆಗಲೇ ಗೊತ್ತಾಗಿದ್ದು ಅಂತ ಕಾಣುತ್ತೆ, ಅವರು ಏನೂ ಮಾತಾಡಲಿಲ್ಲ. ನಶ್ಯ ಅಂದರೆ ಗಂಡಸರದು ಅಂತ ನಾವು ಅಂದುಕೊಂಡಿದ್ದೇವೆ. ಹಳೇ ಫೋಟೊಗಳಲ್ಲೂ ಡಬ್ಬಿ ಕಾಣೋದು ಅವರ ಕೈಯಲ್ಲೇ. ಆ ಅಜ್ಜಿ ದಿನಕ್ಕೆ ಎರಡು ಸಲ, ಹಿತ್ತಲಲ್ಲಿ, ಯಾರಿಗೂ ಹೇಳದೆ ತನಗೆ ಅಂತ ಇಟ್ಟುಕೊಂಡಿದ್ದ ಆ ಎರಡು ನಿಮಿಷಕ್ಕೆ ಇದ್ದ ಗುರುತು ಆ 28 ಗ್ರಾಂ ಮಾತ್ರ.

ಆಕೆ ಹೇಳಿದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಯ ಜೊತೆ ಇಟ್ಟಿದ್ದೆ. ಪ್ರತಿ ಡಬ್ಬಿಗೂ ಹೀಗೊಂದು ಚೀಟಿ ಇಡ್ತೀನಿ: ಯಾರದು, ಯಾವ ಊರು, ಹೇಳಿದವರು ಯಾರು. ಕಳೆದ ತಿಂಗಳು ಆ ಮನೆಯ ಹುಡುಗಿಯಿಂದ ಮೆಸೇಜ್ ಬಂತು. ಬೆಂಗಳೂರಲ್ಲೇ ಕೆಲಸದಲ್ಲಿದ್ದಾಳಂತೆ, ಅಮ್ಮ ಈಗ ಕಥೆ ಹೇಳಿದರಂತೆ, ಈಗಿನ ಬೆಳ್ಳಿ ರೇಟು ಕೊಡ್ತೀನಿ, ಡಬ್ಬಿ ವಾಪಸ್ ಸಿಗುತ್ತಾ ಅಂತ. ನಾನು ಕೊಟ್ಟಷ್ಟೇ ಕೊಡು ಅಂದಿದ್ದೇನೆ. ಭಾನುವಾರ ಬರ್ತಾಳೆ. ಚೀಟಿಯನ್ನೂ ಕೊಟ್ಟು, ಪಾಲಿಶ್ ಮಾತ್ರ ಮಾಡಿಸಬೇಡ ಅಂತ ಹೇಳಿ ಕಳಿಸ್ತೀನಿ.