ಮಲೆನಾಡಿನ ಏಡಿಗೆ ಲೆಕ್ಕ

ಮುಂಗಾರು ಹಿಡಿದು ಗದ್ದೆಯಲ್ಲಿ ನೀರು ನಿಂತರೆ ಹುಂಚದ ಸುತ್ತಿನ ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಯಲ್ಲಿ ರಾತ್ರಿ ಟಾರ್ಚ್ ಬೆಳಕು ಓಡಾಡತೊಡಗುತ್ತದೆ. ಹೊಳೆಯಿಂದ ಮೇಲೇರುವ ಹತ್ತುಮೀನಿಗೆ ಕೂಣಿ ಎಂಬ ಬೋನು ಇಡುವವರು ಕೆಲವರಾದರೆ, ಗದ್ದೆಯಂಚಿನ ಬಿಲದಿಂದ ಹೊರಬಿದ್ದ ಏಡಿಗೆ ಕೈ ಹಾಕುವವರು ಇನ್ನು ಕೆಲವರು. ಹಿಡಿದದ್ದರಲ್ಲಿ ಹೆಚ್ಚಿನದು ಮನೆಯ ಸಾರಿಗೇ ಹೋಗುತ್ತದೆ. ಸಂತೆಗೂ ಬಾರದ, ಬಂದರಿನ ತಕ್ಕಡಿಗೂ ಏರದ ಈ ಬೇಟೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಕಾನೂನಿನ ಕಣ್ಣಿಗೆ ಏಡಿ ಹೊಸದಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಚಿಪ್ಪಿನ ಜೀವಿಗಳನ್ನೂ ಮೀನೆಂದೇ ಪರಿಗಣಿಸಿ, ನೀರಿಗೆ ಸಿಡಿಮದ್ದು ಎಸೆಯುವುದನ್ನೂ ವಿಷ ಹಾಕುವುದನ್ನೂ ಅಪರಾಧವೆಂದಿತು. ಮುಂದೆ ಕರ್ನಾಟಕ ತನ್ನದೇ ಒಳನಾಡು ಮೀನುಗಾರಿಕೆ ಕಾಯ್ದೆಯನ್ನು ತಂದಿತು. ಆದರೆ ಕಾಯ್ದೆ ಇದ್ದ ಮಾತ್ರಕ್ಕೆ ಮಳೆಯ ಕತ್ತಲಲ್ಲಿ ನೂರಾರು ಹಳ್ಳಗಳ ಬದಿಗೆ ಕಾವಲು ನಿಂತಂತಾಗುವುದಿಲ್ಲ.

ಲೆಕ್ಕ ಏಕೆ ಬೇಕೆಂಬುದು ಏಡಿಯ ಹೊಟ್ಟೆ ನೋಡಿದರೆ ತಿಳಿಯುತ್ತದೆ. ಕಡಲ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುತ್ತವೆ. ಸಿಹಿನೀರಿನ ಏಡಿಯ ಮೊಟ್ಟೆಗಳು ದೊಡ್ಡವು, ಸಂಖ್ಯೆ ಬಹಳ ಕಡಿಮೆ. ತೇಲುವ ಹಂತವೇ ಇಲ್ಲದೆ ಮರಿ ಪುಟ್ಟ ಏಡಿಯಾಗಿಯೇ ಹೊರಬರುತ್ತದೆ, ಕೆಲವು ದಿನ ತಾಯಿಯ ಹೊಟ್ಟೆಯ ಮಡಿಕೆಯೊಳಗೇ ಇರುತ್ತದೆ. ಈ ಮಡಿಕೆ ಹೆಣ್ಣಿಗೆ ಅಗಲ, ಗಂಡಿಗೆ ಕಿರಿದು; ಮಗುಚಿ ನೋಡಿದರೆ ಮಕ್ಕಳಿಗೂ ಗುರುತಾಗುತ್ತದೆ. ಮರಿ ಹೊತ್ತ ಒಂದು ಹೆಣ್ಣು ಚೀಲಕ್ಕೆ ಬಿದ್ದರೆ ಆ ಸಂಸಾರವೇ ಹೋದಂತೆ.

ಹವ್ಯಾಸಿ ಬೇಟೆಯನ್ನು ಅಳೆಯುವ ದಾರಿಗಳು ಬೇರೆಡೆ ಇವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್‌ನಲ್ಲಿ ಡಂಜನೆಸ್ ಏಡಿ ಹಿಡಿಯುವವರು ಚಿಪ್ಪು ಗಟ್ಟಿಯಾದ ಗಂಡನ್ನಷ್ಟೇ ಇಟ್ಟುಕೊಳ್ಳಬೇಕು, ಹಿಡಿದದ್ದನ್ನು ಆಗಲೇ ಕಾರ್ಡಿನಲ್ಲಿ ಬರೆಯಬೇಕು. ಋತು ಮುಗಿದ ಮೇಲೆ ಒಂದೂ ಸಿಗದವರೂ ವರದಿ ಒಪ್ಪಿಸಬೇಕೆಂಬುದು ಬಹಳ ಯೋಚಿಸಿ ಮಾಡಿದ ನಿಯಮ: ಸಿಕ್ಕವರು ಮಾತ್ರ ಬರೆದರೆ ಅಂದಾಜು ಉಬ್ಬಿಬಿಡುತ್ತದೆ. ಅಧಿಕಾರಿಗಳು ದಡದಲ್ಲಿ ಬುಟ್ಟಿ ತೆಗೆಸಿಯೂ ನೋಡುತ್ತಾರೆ.

ಮಲೆನಾಡಿಗೆ ಆ ಕಾರ್ಡು ಹೊಂದದು. ಇಲ್ಲಿ ನಿಯಮ ನಿಂತಿರುವ ಜಾಗಗಳು ಬೇರೆ ಬಗೆಯವು. ತೀರ್ಥಹಳ್ಳಿ ಬಳಿ ತುಂಗೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಮೀನು ಉಳಿದಿರುವುದರ ಹಿಂದೆ ಸರ್ಕಾರದ ಆದೇಶದಷ್ಟೇ ದೇವರ ಮೀನೆಂಬ ಜನರ ಭಕ್ತಿಯೂ ಇದೆ. ಗದ್ದೆಯ ಏಡಿಗೆ ಅಂಥ ಆಸರೆಯಿಲ್ಲ. ಕೀಟನಾಶಕದ ಕಾಟ ಬೇರೆ. ಹಾಗಾಗಿ ಒಂದು ಹಳ್ಳದ ಜನರೇ ಎಷ್ಟು ಹೊತ್ತು ಹುಡುಕಿದೆವು, ಎಷ್ಟು ಸಿಕ್ಕಿತು, ಅದರಲ್ಲಿ ಹೆಣ್ಣೆಷ್ಟು ಎಂದು ಮಳೆ ಮಳೆಗೂ ಬರೆದಿಟ್ಟರೆ ಏರಿಳಿತ ಕಾಣತೊಡಗುತ್ತದೆ. ಗಂಟೆಯ ಲೆಕ್ಕ ಇಲ್ಲದಿದ್ದರೆ ಬರೀ ಸಂಖ್ಯೆಯಿಂದ ಏನೂ ತಿಳಿಯದು.

ಹಿಡಿದ ಏಡಿಯನ್ನು ಮತ್ತೆ ಬಿಡುವುದಕ್ಕೂ ಕ್ರಮ ಬೇಕು. ಸಿಹಿನೀರಿನ ಏಡಿಗಳ ಅನೇಕ ಜಾತಿಗಳು ಸಣ್ಣ ಪ್ರದೇಶಕ್ಕಷ್ಟೇ ಸೀಮಿತ. ಬಿಳಿ, ನೇರಳೆ ಬಣ್ಣದ ಘಟಿಯಾನ ದ್ವಿವರ್ಣ ಎಂಬ ಏಡಿ ಯಲ್ಲಾಪುರದ ಕಾಡಿನಿಂದ ವಿಜ್ಞಾನಕ್ಕೆ ಪರಿಚಯವಾದದ್ದೇ 2022ರಲ್ಲಿ. ಆದ್ದರಿಂದ ಮರಿಯಿರುವ ಹೆಣ್ಣನ್ನು ಹಿಡಿದ ಹಳ್ಳದಲ್ಲೇ, ಹಿಡಿದ ಅಂಚಿನ ಬಳಿಯೇ ಬಿಡಬೇಕು.