ಹೊಸೂರು-ಕೃಷ್ಣಗಿರಿ ಹೋಟೆಲ್‌ಗಳಲ್ಲಿ ಗ್ಲುಟೆನ್ ಇಲ್ಲದ ಊಟ: ಮೆನುಗಿಂತ ಮೊದಲು ಕಾವಲಿ ನೋಡಬೇಕು

ಬೆಂಗಳೂರಿನಿಂದ ಬೆಳಿಗ್ಗೆ ಬೇಗ ಹೊರಟು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೋ ಚೆನ್ನೈಗೋ ಕಾರಲ್ಲಿ ಹೋಗುವವರು ತಿಂಡಿಗೆ ನಿಲ್ಲಿಸುವುದು ಹೆಚ್ಚಾಗಿ ಹೊಸೂರಿನಲ್ಲಿ, ಅಲ್ಲಿ ತಪ್ಪಿದರೆ ಕೃಷ್ಣಗಿರಿಯಲ್ಲಿ. ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದು ರೂಮ್ ಮಾಡಿಕೊಂಡಿರುವ ಹುಡುಗರಿಗಂತೂ ಮೂರು ಹೊತ್ತೂ ಹೋಟೆಲೇ ಗತಿ. ಎಲ್ಲವನ್ನೂ ತಿನ್ನುವವರಿಗೆ ಇದೊಂದು ವಿಷಯವೇ ಅಲ್ಲ. ಆದರೆ ಜೊತೆಗಿರುವ ಮಗುವಿಗೋ ಉಮ್ಮನಿಗೋ ‘ಗೋಧಿ ಮುಟ್ಟಬಾರದು’ ಎಂದು ಡಾಕ್ಟರ್ ಹೇಳಿದ್ದರೆ ಕಾರಿನ ಬಾಗಿಲು ತೆರೆಯುವ ಮೊದಲೇ ತಲೆಬಿಸಿ ಶುರು. ಇಡ್ಲಿ, ದೋಸೆ, ಬಿರಿಯಾನಿ ಎಲ್ಲವೂ ಅಕ್ಕಿಯದ್ದೇ ಅಲ್ವಾ, ಮತ್ತೇನು ಭಯ ಎಂದು ಜೊತೆಯವರು ಹೇಳ್ತಾರೆ. ಮಾತು ಅರ್ಧ ಸರಿ. ಉಳಿದರ್ಧ ಹೋಟೆಲ್‌ನ ಅಡುಗೆಮನೆಯಲ್ಲಿದೆ.

ಮೊದಲು ಕಾಯಿಲೆಯ ವಿಷಯ. ಗ್ಲುಟೆನ್ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನ್. ಮೈದಾ, ರವೆ, ಶ್ಯಾವಿಗೆ, ಬ್ರೆಡ್, ಬಿಸ್ಕೆಟ್ ಎಲ್ಲವೂ ಗೋಧಿಯ ಮಕ್ಕಳೇ. ಸೀಲಿಯಾಕ್ ಕಾಯಿಲೆ ಇರುವವರ ಹೊಟ್ಟೆಗೆ ಇದು ಹೋದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳ್ತದೆ. ಆಹಾರದ ಸತ್ವ ಹೀರುವ ಕರುಳಿನ ಒಳಪದರ ಸವೆದುಹೋಗ್ತದೆ. ಮಕ್ಕಳು ತೂಕ ಏರದೆ, ಎತ್ತರ ಬೆಳೆಯದೆ ಹಾಗೇ ನಿಂತುಬಿಡ್ತಾರೆ. ದೊಡ್ಡವರಲ್ಲಿ ಭೇದಿ, ಹೊಟ್ಟೆ ಉಬ್ಬರ ಬರಬಹುದು. ಕೆಲವರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಇಳಿಯದ ರಕ್ತಹೀನತೆ ಮಾತ್ರ ಕಾಣಿಸ್ತದೆ. ಇದಕ್ಕೆ ಮಾತ್ರೆ, ಇಂಜೆಕ್ಷನ್ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ತೂಕ ಇಳಿಸಲು ಯೂಟ್ಯೂಬ್ ನೋಡಿ ಚಪಾತಿ ಬಿಡುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕಾರಣ ಗೋಧಿ ಎಂದು ಗೊತ್ತಾದ ಕತೆಯೂ ಅಚ್ಚರಿಯದ್ದು. ನೆದರ್‌ಲ್ಯಾಂಡ್ಸ್‌ನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ ಗೋಧಿಯ ಮೇಲೆ ಮೊದಲೇ ಅನುಮಾನ ಇಟ್ಟುಕೊಂಡಿದ್ದವರು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ದೇಶದಲ್ಲಿ ಬ್ರೆಡ್ಡೇ ಸಿಗದಂತಾಯಿತು. ಊರಿಗೆ ಊರೇ ಹಸಿದಿದ್ದಾಗ ಈ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದದ್ದೇ ತಡ, ಕಾಯಿಲೆಯೂ ವಾಪಸ್.

ದಕ್ಷಿಣದವರಿಗೆ ಇದೆಲ್ಲ ಇಲ್ಲ, ಅದು ಪಂಜಾಬ್ ಕಡೆಯ ಕಾಯಿಲೆ ಎಂಬ ಮಾತಿದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಲಾಗಿತ್ತು. ದಕ್ಷಿಣದ ಭಾಗ ನಡೆದದ್ದು ಇದೇ ದಾರಿಯ ವೆಲ್ಲೂರಿನಲ್ಲಿ. ಕಾಯಿಲೆ ಕಂಡದ್ದು ಉತ್ತರದಲ್ಲಿ ಶೇ. 1.23 ಜನರಲ್ಲಿ, ದಕ್ಷಿಣದಲ್ಲಿ ಶೇ. 0.10 ಜನರಲ್ಲಿ. ಅಂದ್ರೆ ಇಲ್ಲಿ ಸಾವಿರಕ್ಕೆ ಒಬ್ಬರು. ಆದರೆ ಕಾಯಿಲೆಗೆ ದಾರಿ ಮಾಡಿಕೊಡುವ ಜೀನ್ ಇರುವವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಉತ್ತರದಲ್ಲಿ ಶೇ. 38, ದಕ್ಷಿಣದಲ್ಲಿ ಶೇ. 36. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಅಲ್ಲಿನವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ಇಲ್ಲಿನವರು 25 ಗ್ರಾಂ. ರಾತ್ರಿಯಾದರೆ ಪರೋಟ, ಶವರ್ಮಾ, ಬೇಕರಿ ತಿಂಡಿ ಎನ್ನುವ ಇವತ್ತಿನ ಹುಡುಗರ ತಟ್ಟೆಯಲ್ಲಿ ಆ 25 ಗ್ರಾಂ ಉಳಿದಿದೆಯಾ ಎಂಬುದು ಯೋಚಿಸಬೇಕಾದ ವಿಷಯ.

ಹೋಟೆಲ್‌ಗೆ ಬರೋಣ. ‘ಸ್ವಲ್ಪ ತಾಗಿದರೆ ಏನಾಗ್ತದೆ’ ಎಂಬ ಮಾತಿಗೆ ಉತ್ತರ ಲೆಕ್ಕದಲ್ಲೇ ಇದೆ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ‘ಗ್ಲುಟೆನ್ ಫ್ರೀ’ ಎಂದು ಮಾರುವಂತಿಲ್ಲ ಎಂಬುದು ಎಫ್‌ಎಸ್‌ಎಸ್‌ಎಐ ನಿಯಮ. ಹೆಚ್ಚಿನ ರೋಗಿಗಳು ದಿನಕ್ಕೆ ತಾಳಿಕೊಳ್ಳುವುದು ಸುಮಾರು 10 ಮಿಲಿಗ್ರಾಂ. ಒಂದು ಗ್ರಾಂ ಮೈದಾದಲ್ಲೇ ಅಂದಾಜು 80 ಮಿಲಿಗ್ರಾಂ ಗ್ಲುಟೆನ್ ಇರ್ತದೆ. ಬೆರಳ ತುದಿಗೆ ಅಂಟಿದ ಹಿಟ್ಟು ಸಾಕು ಎಂದಾಯ್ತು. ಬಿಸಿಗೆ ಸತ್ತುಹೋಗಲು ಗ್ಲುಟೆನ್ ಕೀಟಾಣು ಅಲ್ಲ. ಕಾದ ಎಣ್ಣೆಯಲ್ಲೂ, ಕೆಂಪಗೆ ಕಾದ ಕಾವಲಿಯಲ್ಲೂ ಅದು ಹಾಗೇ ಇರ್ತದೆ.

ಹಾಗಾಗಿ ಈ ದಾರಿಯಲ್ಲಿ ಮೊದಲು ನೋಡಬೇಕಾದ್ದು ಕಾವಲಿ. ದೋಸೆ ಹಿಟ್ಟು ಅಕ್ಕಿ-ಉದ್ದಿನದ್ದೇ ಇರಬಹುದು. ಆದರೆ ಅದೇ ಕಲ್ಲಿನ ಮೇಲೆ ಹತ್ತು ನಿಮಿಷ ಮುಂಚೆ ರವೆ ದೋಸೆ ಹುಯ್ದಿದ್ದರೆ, ಚಪಾತಿ ಕಾಯಿಸಿದ್ದರೆ, ಹಿಂದಿನ ರಾತ್ರಿ ಪರೋಟ ತಟ್ಟಿದ್ದರೆ? ಕಾವಲಿಯನ್ನು ಯಾರೂ ಸೋಪು ಹಾಕಿ ತೊಳೆಯುವುದಿಲ್ಲ. ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸ್ತಾರೆ, ಅಷ್ಟೇ. ಸಣ್ಣ ನಾನ್‌ವೆಜ್ ಹೋಟೆಲ್‌ಗಳಲ್ಲಿ ಸಂಜೆಯಾದ ಮೇಲೆ ಕಲ್ಲು ಪೂರ್ತಿ ಪರೋಟಕ್ಕೆ, ಕೊತ್ತು ಪರೋಟಕ್ಕೆ ಮೀಸಲು. ಅದೇ ಕಲ್ಲಿನ ಮೂಲೆಯಲ್ಲಿ ಆಮ್ಲೆಟ್, ಕಲ್ ದೋಸೆ. ಆಮ್ಲೆಟ್‌ನಲ್ಲಿ ಗೋಧಿ ಎಲ್ಲಿಂದ ಬರ್ತದೆ ಎಂದು ಕೇಳುವವರಿಗೆ ಆ ಮೂಲೆ ತೋರಿಸಬೇಕು.

ಈ ಲೆಕ್ಕದಲ್ಲಿ ಇಡ್ಲಿಯೇ ಗೆಲ್ಲುವುದು. ಹಬೆಯಲ್ಲಿ ಬೇಯ್ತದೆ, ಕಾವಲಿಯ ಸಹವಾಸ ಇಲ್ಲ, ಎಣ್ಣೆಯ ಸಹವಾಸ ಇಲ್ಲ. ರವೆ ಇಡ್ಲಿ ಮಾತ್ರ ಬೇಡ. ಇಡಿಯಾಪ್ಪವೂ ಅಕ್ಕಿ ಹಿಟ್ಟಿನದ್ದೇ, ಒಮ್ಮೆ ಕೇಳಿ ತಿನ್ನಬಹುದು. ಉದ್ದಿನ ವಡೆಯ ಹಿಟ್ಟಿನಲ್ಲಿ ತೊಂದರೆ ಇಲ್ಲದಿದ್ದರೂ ಪೂರಿ, ಮೈದಾ ಬೋಂಡ ಕರಿದ ಎಣ್ಣೆಗೇ ಅದನ್ನೂ ಬಿಡ್ತಾರೆ. ಪೊಂಗಲ್ ಅಕ್ಕಿ-ಹೆಸರುಬೇಳೆಯದ್ದು, ಆದರೆ ಒಗ್ಗರಣೆಯಲ್ಲಿ ಇಂಗು ಇರಬಹುದು.

ಹೆಚ್ಚಿನವರು ಮೋಸ ಹೋಗುವುದು ಈ ಇಂಗಿನಲ್ಲೇ. ಇಂಗು ಅಫ್ಘಾನಿಸ್ತಾನದ ಕಡೆಯಿಂದ ಬರುವ ಗಿಡದ ಅಂಟು. ಬರೀ ಅಂಟಿನ ಘಾಟು ತಡೆಯಲಾಗದ್ದರಿಂದ ಹಿಟ್ಟು ಬೆರೆಸಿ ಮಾರ್ತಾರೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಇಂಗಿನ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದ್ದೋ ಮೈದಾದ್ದೋ ಆಗಿರ್ತದೆ. ಕೆಲವದರಲ್ಲಿ ಅಕ್ಕಿ ಹಿಟ್ಟು. ತಮಿಳುನಾಡಿನಲ್ಲಿ ಸಾಂಬಾರು, ರಸಂ ಇಂಗಿಲ್ಲದೆ ಇಳಿಯುವುದೇ ಅಪರೂಪ, ಚಟ್ನಿಪುಡಿಯಲ್ಲೂ ಹಾಕ್ತಾರೆ. ಹೋಟೆಲ್‌ನವರು ಯಾವ ಡಬ್ಬಿ ತಂದಿದ್ದಾರೆಂದು ಸಪ್ಲೈಯರ್‌ಗೆ ಗೊತ್ತಿರುವುದಿಲ್ಲ. ಇಡ್ಲಿಗೆ ತೆಂಗಿನಕಾಯಿ ಚಟ್ನಿ ಒಗ್ಗರಣೆ ಇಲ್ಲದೆ ಕೇಳುವುದು, ಇಲ್ಲವೇ ಮನೆಯಿಂದಲೇ ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಮಧ್ಯಾಹ್ನದ ಮೀಲ್ಸ್‌ನಲ್ಲಿ ಅನ್ನ, ಮೊಸರು, ಪಲ್ಯಕ್ಕೆ ತೊಂದರೆ ಕಡಿಮೆ. ಹಪ್ಪಳ ಬಿಡಬೇಕು. ಪಾಯಸ ಶ್ಯಾವಿಗೆಯದ್ದಾ, ಸಬ್ಬಕ್ಕಿಯದ್ದಾ ಎಂದು ನೋಡದೆ ಬಾಯಿಗಿಡಬಾರದು.

ಇನ್ನು ಬಿರಿಯಾನಿ. ಕೃಷ್ಣಗಿರಿಯಲ್ಲಿ ದಾರಿ ಸೀಳಿ ಒಂದು ಸೇಲಂ ಕಡೆಗೆ, ಇನ್ನೊಂದು ವಾಣಿಯಂಬಾಡಿ, ಆಂಬೂರು, ವೆಲ್ಲೂರು ಕಡೆಗೆ ಹೋಗ್ತದೆ. ಆಂಬೂರಿನ ಬಿರಿಯಾನಿಯ ಹೆಸರು ಗೊತ್ತಿಲ್ಲದವರಿಲ್ಲ. ಸೀರಗ ಸಂಬಾ ಎಂಬ ಸಣ್ಣಕ್ಕಿ, ಮಾಂಸ, ಮೊಸರು, ಮೆಣಸಿನ ಖಾರ. ದಮ್ ಹಾಕಿದ ಪಾತ್ರೆಯಿಂದ ನೇರ ತಟ್ಟೆಗೆ ಬರುವುದರಿಂದ ಈ ದಾರಿಯ ಊಟಗಳಲ್ಲಿ ಇದು ಸಾಕಷ್ಟು ನಂಬಬಹುದಾದದ್ದು. ಒಂದು ಎಚ್ಚರಿಕೆ ಇದೆ. ಕೆಲವು ಕಡೆ ದಮ್ ಕಟ್ಟಲು ಪಾತ್ರೆಯ ಬಾಯಿಗೆ ಗೋಧಿ ಅಥವಾ ಮೈದಾ ಹಿಟ್ಟು ಮೆತ್ತುತ್ತಾರೆ, ಅಂಥಲ್ಲಿ ಅಂಚಿನ ಅನ್ನ ಬಿಟ್ಟು ನಡುವಿನದ್ದು ಕೇಳಬೇಕು. ಜೊತೆಗೆ ಬರುವ ಚಿಕನ್ 65ಕ್ಕೆ ಮೈದಾ ಸೇರುವುದುಂಟು, ಬ್ರೆಡ್ ಹಲ್ವಾ ಹೆಸರಲ್ಲೇ ಹೇಳ್ತದೆ. ಫ್ರೈಡ್ ರೈಸ್, ಮಂಚೂರಿ ಬೇಡವೇ ಬೇಡ. ಸೋಯಾ ಸಾಸ್ ಮಾಡುವುದೇ ಸಾಮಾನ್ಯವಾಗಿ ಗೋಧಿ ಸೇರಿಸಿ.

ಹೊಸೂರು, ಡೆಂಕಣಿಕೋಟೆ, ತಳಿ ಕಡೆ ರಾಗಿಯ ನಾಡು. ಕನ್ನಡದವರ ಮುದ್ದೆಗೆ ತಮಿಳಿನಲ್ಲಿ ‘ಕಳಿ’ ಎನ್ನುತ್ತಾರೆ. ರಾಗಿ, ಸಜ್ಜೆ, ಜೋಳ, ನವಣೆ, ಸಾಮೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಕಳಿ, ಸೊಪ್ಪಿನ ಸಾರು, ನಾಟಿಕೋಳಿ ಸಾರು ಸಿಗುವ ಹೋಟೆಲ್ ಕಂಡರೆ ಬಿಡಬಾರದು. ಆದರೆ ರಾಗಿ ಎಂಬ ಹೆಸರನ್ನೇ ನಂಬಿ ಕೂರಬಾರದು. ರಾಗಿ ದೋಸೆಗೆ ರವೆ ಬೆರೆಸ್ತಾರೆ. ರಾಗಿ ಶ್ಯಾವಿಗೆ, ರಾಗಿ ಬಿಸ್ಕೆಟ್, ರಾಗಿ ಬ್ರೆಡ್‌ನಲ್ಲಿ ರಾಗಿಗಿಂತ ಮೈದಾ, ಗೋಧಿಯೇ ಹೆಚ್ಚಿರುವುದುಂಟು. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೂ ಕತೆ ಅಷ್ಟೇ, ಇದು ಮನೆಯ ಹಿಟ್ಟಿಗೂ ಅನ್ವಯ.

ಟೀ ಅಂಗಡಿಯಲ್ಲಿ ಟೀ, ಕಾಫಿ, ಸುಲೈಮಾನಿಗೆ ತಕರಾರಿಲ್ಲ. ಹಾರ್ಲಿಕ್ಸ್, ಬೂಸ್ಟ್, ಬೋರ್ನ್‌ವಿಟಾ ಮಾತ್ರ ಬೇಡ, ಅವುಗಳಲ್ಲಿ ಧಾನ್ಯದ ಮಾಲ್ಟ್ ಇದೆ. ಸೊರಗಿದ ಮಗುವಿಗೆ ಶಕ್ತಿ ಬರಲಿ ಎಂದು ಇದನ್ನೇ ಎರಡು ಹೊತ್ತು ಕುಡಿಸುವ ಮನೆಗಳಿವೆ.

ಕೇಳುವುದು ಹೇಗೆ? ಹೊಸೂರಿನಲ್ಲಿ ಕನ್ನಡ ಧಾರಾಳವಾಗಿ ನಡೀತದೆ. ಕೃಷ್ಣಗಿರಿ ದಾಟಿದ ಮೇಲೆ ತಮಿಳೇ ಬೇಕು. ‘ಗ್ಲುಟೆನ್’ ಎಂದರೆ ಅಡುಗೆಯವರಿಗೆ ಅರ್ಥ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ವಸ್ತುಗಳ ಹೆಸರು ಹೇಳಬೇಕು: “ಅಣ್ಣಾ, ಗೋದುಮೈ, ಮೈದಾ, ರವೈ ಎದುವುಮೇ ಸಾಪ್ಪಿಡಕ್ಕೂಡಾದು, ಡಾಕ್ಟರ್ ಸೊಲ್ಲಿಯಿರುಕ್ಕಾರ್.” ಗೋಧಿ, ಮೈದಾ, ರವೆ ಯಾವುದನ್ನೂ ತಿನ್ನಬಾರದೆಂದು ಡಾಕ್ಟರ್ ಹೇಳಿದ್ದಾರೆ ಎಂದರ್ಥ. ಆಮೇಲೆ, “ಪರೋಟ್ಟಾ ಕಲ್ಲೂ ದೋಸೈ ಕಲ್ಲೂ ಒಣ್ಣಾ, ತನಿತ್ತನಿಯಾ?” ಎರಡಕ್ಕೂ ಒಂದೇ ಕಲ್ಲಾ, ಬೇರೆ ಬೇರೆಯಾ? ಇಂಗಿಗೆ “ಪೆರುಂಗಾಯಂ ಪೋಟ್ಟಿರುಕ್ಕಾ?” ‘ಮಾವು’ ಎಂಬ ಪದದಲ್ಲೊಂದು ತಮಾಷೆ ಇದೆ. ಕೃಷ್ಣಗಿರಿ ಮಾವಿನ ಹಣ್ಣಿಗೆ ಹೆಸರಾದ ಜಿಲ್ಲೆ, ಆದರೆ ಅಲ್ಲಿ ಮಾವು ಅಂದ್ರೆ ಹಿಟ್ಟು. ದೋಸೆ ಹಿಟ್ಟೂ ಮಾವು, ಮೈದಾ ಹಿಟ್ಟೂ ಮಾವು. ‘ಮಾವು ಬೇಡ’ ಎಂದರೆ ಏನೂ ಹೇಳಿದಂತಾಗುವುದಿಲ್ಲ.

ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ಗಳು ಅಲರ್ಜಿ ತರುವ ವಸ್ತುಗಳ ಮಾಹಿತಿ ಕೊಡಬೇಕೆಂಬ ನಿಯಮ ಇದೆ, ಅಂಥಲ್ಲಿ ಮ್ಯಾನೇಜರ್‌ನ ಹತ್ತಿರ ಕೇಳುವುದು ಗಿರಾಕಿಯ ಹಕ್ಕು. ಹಾಗಿದ್ದರೂ ಎಷ್ಟೋ ಮಂದಿಗೆ ಕೇಳಲು ನಾಚಿಕೆ. ಹೊಸ ಊರಿನಲ್ಲಿ ಹೋಟೆಲ್‌ಗೆ ಕಾಲಿಟ್ಟ ಕೂಡಲೇ ‘ಹಲಾಲಾ?’ ಎಂದು ಕೇಳಲು ಬ್ಯಾರಿ ಹುಡುಗರು ಹಿಂಜರಿಯುವುದಿಲ್ಲ. ಕರಿದ ಎಣ್ಣೆ ಯಾವುದು, ಪಾತ್ರೆ ಬೇರೆ ಇದೆಯಾ ಎಂದೂ ವಿಚಾರಿಸ್ತಾರೆ. ಗೋಧಿಯ ವಿಷಯದಲ್ಲಿ ಕೇಳಬೇಕಾದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಅಭ್ಯಾಸ ಇದ್ದೇ ಇದೆ.

ಕಷ್ಟ ಬರುವುದು ಸ್ವಂತದವರ ನಡುವೆಯೇ. ಮಂದಿ ತಿನ್ನಲು ಹೋದರೆ ಒಂದೇ ದೊಡ್ಡ ತಟ್ಟೆಯ ಸುತ್ತ ನಾಲ್ಕು ಜನ. ಪಕ್ಕದವನು ಕುಬೂಸ್ ಹರಿದು ಅದೇ ತಟ್ಟೆಯಲ್ಲಿ ಅದ್ದಿದರೆ ಅಕ್ಕಿಯ ಮಂದಿಯೂ ಕೆಟ್ಟಿತು. ಬೇರೆ ತಟ್ಟೆ ಕೇಳಿದವನನ್ನು ‘ದೊಡ್ಡಸ್ತಿಕೆ’ ಎಂದು ಛೇಡಿಸುವುದು ಸುಲಭ, ಅವನ ಕರುಳು ಮತ್ತೆ ಸರಿಯಾಗಲು ತಿಂಗಳುಗಟ್ಟಲೆ ಬೇಕು. ಮಕ್ಕಳ ಪಾಡು ಇನ್ನೂ ಕಷ್ಟ. ‘ಪಾಪ, ಒಂದು ತುಂಡು ತಿನ್ನಲಿ’ ಎಂದು ಮಾಮನೋ ಅಜ್ಜಿಯೋ ಕೊಡುವ ಪರೋಟದ ತುಂಡು ಆ ಕ್ಷಣ ಏನೂ ಮಾಡದೆ ಇರಬಹುದು. ಹೊಟ್ಟೆನೋವು ಬರಲಿಲ್ಲ ಎಂದರೆ ಒಳಗೆ ಹಾನಿ ಆಗಲಿಲ್ಲ ಎಂದಲ್ಲ.

ರಮಳಾನ್‌ನಲ್ಲಿ ತಮಿಳುನಾಡಿನ ಮಸೀದಿಗಳಲ್ಲಿ ಇಫ್ತಾರ್‌ಗೆ ನೋಂಬು ಕಂಜಿ ಕೊಡ್ತಾರೆ. ಅಕ್ಕಿ, ಹೆಸರುಬೇಳೆ, ತೆಂಗಿನಹಾಲಿನ ಗಂಜಿ. ಅದಕ್ಕಾಗಿ ಮಸೀದಿಗಳಿಗೆ ಸರಕಾರವೇ ಅಕ್ಕಿ ಕೊಡುವ ಪದ್ಧತಿಯಿದೆ. ಪ್ರಯಾಣದಲ್ಲಿರುವ ಉಪವಾಸಿಗರಿಗೆ ಖರ್ಜೂರ, ಹಣ್ಣಿನ ಜೊತೆ ಇದು ಚೆನ್ನಾಗಿ ಹೊಂದ್ತದೆ. ಸಮೋಸ ಮುಟ್ಟಿದ ಸೌಟು ಗಂಜಿಗೆ ಬೀಳದಿದ್ದರೆ ಸಾಕು. ಹಲೀಮ್, ಅಲೀಸಾ ಗೋಧಿಯದ್ದು. ಆರೋಗ್ಯಕ್ಕೆ ಒಳ್ಳೆಯದೆಂದು ಈಚೆಗೆ ಆನ್‌ಲೈನ್‌ನಲ್ಲಿ ಮಾರುವ ತಲ್ಬೀನಾ ಬಾರ್ಲಿಯದ್ದು, ಸೀಲಿಯಾಕ್ ಇರುವವರಿಗೆ ಅದೂ ಆಗದು. ಮನೆಗೆ ಮರಳಿದ ಮೇಲೆ ಅಕ್ಕಿಯ ಪತ್ತಿರ್, ನೈಚೋರು ಹೇಗೂ ಇದೆ.

ಈ ಲೇಖನ ಓದಿ ‘ನನಗೂ ಹೀಗೇ ಇದೆ’ ಎನಿಸಿದವರು ನಾಳೆಯಿಂದಲೇ ಗೋಧಿ ಬಿಡಬಾರದು. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ ಮಾಡಿ ಕರುಳಿನ ಸಣ್ಣ ಚೂರು ತೆಗೆದು ನೋಡುವುದು, ಎರಡೂ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಮೊದಲೇ ಬಿಟ್ಟುಬಿಟ್ಟರೆ ಕಾಯಿಲೆ ಇದ್ದೂ ರಿಪೋರ್ಟ್ ಸರಿ ಎಂದು ಬರಬಹುದು, ಆಮೇಲೆ ಪರೀಕ್ಷೆಗಾಗಿ ವಾರಗಟ್ಟಲೆ ಮತ್ತೆ ಗೋಧಿ ತಿನ್ನಬೇಕಾಗ್ತದೆ. ಒಬ್ಬರಿಗೆ ಕಾಯಿಲೆ ಖಚಿತವಾದರೆ ಅವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು ಕೂಡ ಅದೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.