ಶಿಡ್ಲಘಟ್ಟ ‘ಶಿಡ’ ಆಗುವುದು ಹೇಗೆ?

ಕನ್ನಡ ವಿಕಿಪೀಡಿಯದಲ್ಲಿ ಶಿಡ್ಲಘಟ್ಟವನ್ನು ಹುಡುಕಿ, ಆ ಪುಟದ ಕೊಂಡಿಯನ್ನು ವಾಟ್ಸ್‌ಆಪ್‌ಗೆ ಅಂಟಿಸಿದರೆ ಊರಿನ ಹೆಸರು ಮಾಯವಾಗಿ, ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳು ಬೆರೆತ ಮಾರುದ್ದದ ಸಾಲು ಬರುವುದುಂಟು. ಕೊಂಡಿ ಕೆಟ್ಟಿಲ್ಲ. ಊರು ಬೈಟ್‌ಗಳ ರೂಪ ತಾಳಿದೆ, ಅಷ್ಟೆ.

ಯೂನಿಕೋಡ್ ಲೆಕ್ಕದಲ್ಲಿ ಶಿಡ್ಲಘಟ್ಟ ಎಂದರೆ 9 ಸಂಕೇತಗಳು: ಶ, ಗುಡಿಸು, ಡ, ಹಲಂತ, ಲ, ಘ, ಟ, ಮತ್ತೊಂದು ಹಲಂತ, ಮತ್ತೊಂದು ಟ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ಒಟ್ಟು 27. ವೆಬ್ ವಿಳಾಸದಲ್ಲಿ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆಯ ಜೊತೆ ಎರಡು ಅಕ್ಷರ ಇಟ್ಟು ಬರೆಯುವುದರಿಂದ ಸಾಲು 81 ಅಕ್ಷರಕ್ಕೆ ಹಿಗ್ಗುತ್ತದೆ.

ಬ್ರೌಸರ್ ಇದನ್ನೆಲ್ಲ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ಆ ಸೌಕರ್ಯ ಸದಾ ಸಿಗುವುದಿಲ್ಲ.

ಒಂದು ಪುಟ್ಟ ಪ್ರೋಗ್ರಾಂ ಈ ಊರಿನ ಹೆಸರನ್ನು ಸರ್ವರ್‌ಗೆ ಕಳಿಸುತ್ತದೆ ಎನ್ನೋಣ. ವಿನಂತಿಯ ತಲೆಬರಹದಲ್ಲಿ ಮಾಹಿತಿಯ ಉದ್ದವನ್ನು ಬೈಟ್‌ಗಳಲ್ಲಿ ಹೇಳಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಆ ಪದದ ಉದ್ದ ಕೇಳಿದರೆ ಸಿಗುವ ಉತ್ತರ 9. ಅದನ್ನೇ ಬರೆದು ಕಳಿಸಿದರೆ ಸರ್ವರ್ 9 ಬೈಟ್ ಓದಿ ಕೈ ತೊಳೆದುಕೊಳ್ಳುತ್ತದೆ. ಒಂಬತ್ತು ಬೈಟ್‌ಗೆ ಮೂರೇ ಸಂಕೇತ. ಆ ಕಡೆ ಮುಟ್ಟುವುದು ‘ಶಿಡ’ ಮಾತ್ರ. ಇಂಗ್ಲಿಷ್ ಹೆಸರಿಗೆ ಇದೇ ಪ್ರೋಗ್ರಾಂ ಸರಿಯಾಗಿಯೇ ಓಡುತ್ತದೆ, ಅಲ್ಲಿ ಅಕ್ಷರಕ್ಕೊಂದೇ ಬೈಟ್. ಕನ್ನಡ ಪದ ಹಾಕಿ ಪರೀಕ್ಷಿಸದಿದ್ದರೆ ಈ ದೋಷ ಕಣ್ಣಿಗೇ ಬೀಳದು.

ಇನ್ನೊಂದು ತೊಡಕು ಹಳೆಯ ವಾಡಿಕೆಯದು. 1999ರ ಎಚ್‌ಟಿಟಿಪಿ ನಿಯಮದಲ್ಲಿ, ಬೇರೇನೂ ಹೇಳದಿದ್ದರೆ ಪಠ್ಯ ಪಶ್ಚಿಮ ಯುರೋಪಿನ ಲ್ಯಾಟಿನ್-1 ಎಂದೇ ಭಾವಿಸಬೇಕಿತ್ತು. 2014ರಲ್ಲಿ ಆ ನಿಯಮ ಹೋಯಿತು, ಅಭ್ಯಾಸ ಉಳಿಯಿತು. ಪೈಥಾನ್‌ನ ಮೂಲ ಎಚ್‌ಟಿಟಿಪಿ ಕ್ಲೈಂಟ್‌ಗೆ ಕನ್ನಡ ಪಠ್ಯವನ್ನು ಹಾಗೆಯೇ ಕೊಟ್ಟರೆ ಲ್ಯಾಟಿನ್-1ಕ್ಕೆ ಇಳಿಸಲು ಹೋಗಿ ದೋಷ ತೋರಿಸಿ ನಿಲ್ಲುತ್ತದೆ. ಹಾಗೆ ನಿಲ್ಲುವುದೇ ಒಳ್ಳೆಯದು. ಓದುವ ಸರ್ವರ್ ಲ್ಯಾಟಿನ್-1 ಎಂದು ತಪ್ಪು ತಿಳಿದರೆ ‘ಶ’ ಅಕ್ಷರ ಓರೆಗೆರೆ ಹೊತ್ತ ‘ಎ’, ಪುಟಾಣಿ 2, ಪ್ಯಾರಾ ಗುರುತು ಎಂಬ ಮೂರು ತುಂಡಾಗಿ, ದತ್ತಾಂಶದೊಳಗೆ ಹಾಗೇ ಉಳಿದುಬಿಡುತ್ತದೆ. ಪಠ್ಯವನ್ನು ಯುಟಿಎಫ್-8 ಬೈಟ್‌ಗಳಾಗಿಸಿ, ಆಮೇಲೆ ಉದ್ದ ಎಣಿಸಿ, ಪದ್ಧತಿಯ ಹೆಸರನ್ನು ತಲೆಬರಹದಲ್ಲಿ ನಮೂದಿಸಿದರೆ ಎರಡೂ ತೊಂದರೆ ತಪ್ಪುತ್ತವೆ.

ಇಷ್ಟು ಮಾಡಿಯೂ ಮೋಸಹೋಗುವುದು ಹಳೆಯ ನುಡಿ, ಬರಹ ಫಾಂಟ್‌ಗಳ ಕಡತಗಳಲ್ಲಿ. ಅಲ್ಲಿ ತೆರೆಯ ಮೇಲೆ ‘ಚಿಂತಾಮಣಿ’, ‘ಗೌರಿಬಿದನೂರು’ ಎಂದು ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರಗಳೇ. ಕನ್ನಡದ ರೂಪ ಫಾಂಟ್ ತೊಡಿಸಿದ್ದು. ಅವು ಯುಟಿಎಫ್-8ರಲ್ಲೂ ಯಾವ ತಕರಾರಿಲ್ಲದೆ ಸಾಗುತ್ತವೆ, ಸರ್ವರ್ ಒಪ್ಪಿಕೊಳ್ಳುತ್ತದೆ, ದೋಷದ ಸುಳಿವೇ ಇಲ್ಲ. ಮುಂದೆ ಯಾರಾದರೂ ಚಿಂತಾಮಣಿ ಎಂದು ಹುಡುಕಿದಾಗ ಮಾತ್ರ ಆ ದಾಖಲೆ ಸಿಗುವುದಿಲ್ಲ. ಅಂಥ ಕಡತಗಳನ್ನು ಕಳಿಸುವ ಮೊದಲೇ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದುಕೊಳ್ಳಬೇಕು.